ಮೈಲ್ಸ್ ಸಿನಿಮಾ ನೋಡಿದ ಮೇಲೆ ನಮ್ಮವರು ಹೇಳಿದ್ದು



ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಅರ್ಧ ಓದಿ ಕಾಮೆಂಟ್ ಹಾಕಬೇಡಿ. ಕೊನೇ ಭಾಗದಲ್ಲಿ ನನ್ನ ಬಗ್ಗೆ ನಾನೇ ಬರೆದುಕೊಂಡಿದೀನಿ, ಅದನ್ನ ಓದದೆ ಹೋದರೆ ಮೊದಲನೇ ಭಾಗಕ್ಕೆ ಬೆಲೆ ಇಲ್ಲ.

ಕಳೆದ ಭಾನುವಾರ ಸಂಜೆ ನಮ್ಮ ಅಂಬೇಡ್ಕರ್ ಭವನದ ಹಿಂದಿನ ಕೋಣೆಯಲ್ಲಿ 'ಮೈಲ್ಸ್ ಅಹೆಡ್' ಅನ್ನೋ ಇಂಗ್ಲಿಷ್ ಸಿನಿಮಾ ಹಾಕಿದ್ವಿ. ತಿಂಗಳಿಗೊಂದು ಸಿನಿಮಾ ತೋರಿಸೋದು ಒಂದು ವರ್ಷದಿಂದ ನಡೀತಾ ಇದೆ. ಪ್ರೊಜೆಕ್ಟರ್ ಒಬ್ಬ ಮೇಷ್ಟ್ರದ್ದು, ಪರದೆ ನಮ್ಮನೆ ಬೆಡ್‌ಶೀಟು, ಕಡ್ಲೆಪುರಿ ಟೀ ಖರ್ಚು ಬಂದವರದ್ದೇ. ಇಪ್ಪತ್ಮೂರು ಜನ ಸೇರಿದ್ದರು. ಹೋದ ಸಲ ಕಾಲೇಜಿನ ಹುಡುಗ ಒಬ್ಬ, "ಅಣ್ಣ, ಯಾವಾಗ್ಲೂ ನಮ್ದೇ ಕಣ್ಣೀರು ಯಾಕೆ, ಹಾಡು ಕುಣಿತ ಇರೋದು ಯಾವುದಾದ್ರೂ ಹಾಕಿ" ಅಂದಿದ್ದ. ಸರಿ ಅಂತ ಇದನ್ನ ಆರಿಸಿದೆ. ಆಫೀಸಿನಲ್ಲಿ ಟಪಾಲು ನೋಡೋ ನನಗೆ ಇಂಗ್ಲಿಷ್ ಓದೋಕೆ ಬರುತ್ತೆ, ಅವರು ಪಟಪಟ ಆಡೋ ಮಾತು ಮಾತ್ರ ಕಿವಿಗೆ ಹತ್ತಲ್ಲ. ಅದಕ್ಕೆ ಮನೇಲಿ ಮೂರು ಸಲ ಸಬ್‌ಟೈಟಲ್ ನಿಲ್ಲಿಸಿ ನಿಲ್ಲಿಸಿ ನೋಡಿ, ಹಳೇ ಸುತ್ತೋಲೆಗಳ ಹಿಂಬದಿಯಲ್ಲಿ ಮಾತುಗಳನ್ನ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಪರದೆ ಪಕ್ಕ ನಿಂತು ಓದಿ ಹೇಳಿದೆ. ನೂರು ನಿಮಿಷದ ಸಿನಿಮಾ ಎರಡೂವರೆ ಗಂಟೆ ಆಯ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಮೈಲ್ಸ್ ಡೇವಿಸ್ ಅಮೆರಿಕದ ಕಪ್ಪು ಜನಾಂಗದ ಟ್ರಂಪೆಟ್ ವಾದಕ. ಹುಟ್ಟಿದ್ದು 1926, ಸತ್ತಿದ್ದು 1991. ಜಾಜ್ ಅಂತ ಜನ ಕರೆಯೋ ಸಂಗೀತದ ದಿಕ್ಕನ್ನ ಒಂದಲ್ಲ ನಾಲ್ಕೈದು ಸಲ ಬದಲಾಯಿಸಿದ ಮನುಷ್ಯ. ಆ 'ಜಾಜ್' ಅನ್ನೋ ಪದವೇ ಅವನಿಗೆ ಆಗ್ತಿರಲಿಲ್ಲ, ಬೇರೆಯವರು ಅಂಟಿಸಿದ ಹೆಸರು ಅಂತಿದ್ದ. ಬೇರೆಯವರು ಅಂಟಿಸಿದ ಹೆಸರು ಅಂದ್ರೆ ಏನು ಅಂತ ನಮ್ಮ ಪೈಕಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾದಲ್ಲಿ ಅವನು ಅದನ್ನ 'ಸೋಶಿಯಲ್ ಮ್ಯೂಸಿಕ್' ಅಂತಾನೆ. ನಾನು 'ಸಮಾಜದ ಸಂಗೀತ' ಅಂತ ಹೇಳಿದೆ. ಸರಿಯೋ ತಪ್ಪೋ, ಜನಕ್ಕೆ ಅರ್ಥ ಆಯ್ತು.

ಸಿನಿಮಾ ಮಾಡಿದ್ದು ಡಾನ್ ಚೀಡಲ್ ಅನ್ನೋ ನಟ. ನಿರ್ದೇಶನ ಅವನದೇ ಮೊದಲ ಸಲ, ಮೈಲ್ಸ್ ಪಾತ್ರವೂ ಅವನದೇ. 2006ರಲ್ಲಿ ಮೈಲ್ಸ್‌ನ ಸೋದರಳಿಯ, ನಮ್ಮ ಮಾವನ ಪಾತ್ರ ಮಾಡಿದ್ರೆ ಈ ಚೀಡಲ್‌ನೇ ಮಾಡಬೇಕು ಅಂತ ಎಲ್ಲರೆದುರು ಹೇಳಿಬಿಟ್ಟನಂತೆ, ಇವನನ್ನ ಒಂದು ಮಾತೂ ಕೇಳದೆ. ಅಲ್ಲಿಂದ ಸಿನಿಮಾ ಜನರ ಮುಂದೆ ಬರೋಕೆ 2015 ಆಯ್ತು. ಯಾಕೆ ಅಂದ್ರೆ ದುಡ್ಡು. ಹೆಸರಾಂತ ನಟ, ಆಸ್ಕರ್ ನಾಮನಿರ್ದೇಶನ ಆದವನು, ಆದರೂ ಕಪ್ಪು ಸಂಗೀತಗಾರನ ಸಿನಿಮಾಗೆ ದುಡ್ಡು ಹಾಕೋರಿಲ್ಲ. ಕೊನೆಗೆ ಇಂಟರ್‌ನೆಟ್‌ನಲ್ಲಿ ಜನರ ಮುಂದೆ ಜೋಳಿಗೆ ಹಿಡಿದ. ಮೂರು ಲಕ್ಷ ಡಾಲರ್‌ಗೂ ಹೆಚ್ಚು ಅಲ್ಲಿ ಸೇರ್ತು. ನ್ಯೂಯಾರ್ಕಿನ ಕಥೆಯನ್ನ ಒಹಾಯೊದ ಸಿನ್ಸಿನಾಟಿ ಊರಲ್ಲಿ ಚಿತ್ರೀಕರಿಸಿದರು. 2016ರಲ್ಲಿ 'ಲಾ ಲಾ ಲ್ಯಾಂಡ್' ಬಂತು ನೋಡಿ. ಮೂರು ಕೋಟಿ ಡಾಲರ್ ಬಜೆಟ್ಟು, ಆರು ಆಸ್ಕರು. ಅದರಲ್ಲಿ ಜಾಜ್ ಸಂಗೀತವನ್ನ ಉಳಿಸೋಕೆ ಒದ್ದಾಡೋನು ಒಬ್ಬ ಬಿಳಿ ಹುಡುಗ!

ಚೀಡಲ್ ಬಾಯಿಬಿಟ್ಟು ಹೇಳಿದ ಇನ್ನೊಂದು ವಿಷಯ ಇದೆ. ಸಿನಿಮಾದಲ್ಲಿ ಒಬ್ಬ ಬಿಳಿಯ ಪತ್ರಕರ್ತನ ಪಾತ್ರ ಬರುತ್ತೆ, ಇವಾನ್ ಮೆಕ್‌ಗ್ರೆಗರ್ ಮಾಡಿರೋದು. ಅಂಥ ಒಬ್ಬ ಪತ್ರಕರ್ತ ಮೈಲ್ಸ್ ಬದುಕಲ್ಲಿ ಇರಲೇ ಇಲ್ಲ, ಕಟ್ಟಿದ ಪಾತ್ರ. ಒಬ್ಬ ಬಿಳಿಯ ನಟ ಬರೋವರೆಗೂ ಹೊರಗಿನ ಹಣ ಕೈಗೆ ಬರಲಿಲ್ಲ ಅಂತ ಚೀಡಲ್ಲೇ ಹೇಳಿಕೊಂಡಿದಾನೆ. ನಾನು ಇದನ್ನ ಸಿನಿಮಾ ಶುರು ಮಾಡೋ ಮುಂಚೆ ಹೇಳಲಿಲ್ಲ, ಬೇಕಂತಲೇ. ಜನ ಏನಂತಾರೆ ನೋಡೋಣ ಅಂತ.

ಮುಗೀತಿದ್ದಂಗೆ ಮೊದಲು ಎದ್ದವನು ಅದೇ ಕಾಲೇಜಿನ ಹುಡುಗ. ಅವನಿಗೆ ಕೋಪ ಬಂದಿತ್ತು. "ಅಣ್ಣ, ಇದೇನು ಮೈಲ್ಸ್ ಕಥೆನೋ ಆ ಬಿಳಿ ಪೇಪರ್‌ನೋನ ಕಥೆನೋ? ಕಾರಲ್ಲಿ ಅಟ್ಟಿಸಿಕೊಂಡು ಹೋಗೋದು, ಪಿಸ್ತೂಲು, ಕಳುವಾದ ಟೇಪು... ಇವನು ಸಂಗೀತ ಹೆಂಗೆ ಕಟ್ಟಿದ ಅನ್ನೋದು ಎಲ್ಲಿ ಹೋಯ್ತು?" ಈ ಆಕ್ಷೇಪ ಅಮೆರಿಕದಲ್ಲೂ ಬಹಳ ಜನ ಎತ್ತಿದ್ದೇ. ಜಾಜ್ ಬಲ್ಲವರು ಇದು ಜೀವನಚರಿತ್ರೆಯೇ ಅಲ್ಲ, ಪೊಲೀಸ್-ಕಳ್ಳ ಸಿನಿಮಾ ಅಂತ ಬೈದರು. ಇನ್ನು ಕೆಲವರು, ಹುಟ್ಟು-ಕಷ್ಟ-ಕೀರ್ತಿ-ಸಾವು ಅನ್ನೋ ಸವೆದ ದಾರಿ ಬಿಟ್ಟಿದ್ದೇ ಒಳ್ಳೇದಾಯ್ತು ಅಂದರು. ಮೈಲ್ಸ್‌ಗೇ ನಟಿಸಬೇಕು ಅನ್ನಿಸೋಂಥ ಸಿನಿಮಾ ಮಾಡಬೇಕಿತ್ತು ಅನ್ನೋದು ಚೀಡಲ್ ವಾದ. ಕಥೆ ನಡೆಯೋದು ಎಪ್ಪತ್ತರ ದಶಕದ ಕೊನೆಗೆ. 1975ರಿಂದ ಐದಾರು ವರ್ಷ ಮೈಲ್ಸ್ ವೇದಿಕೆ ಬಿಟ್ಟು ಮನೆ ಸೇರಿದ್ದ. ಸೊಂಟದ ನೋವು, ಕೊಕೇನು, ಕತ್ತಲೆ ಮನೆ. ಅಲ್ಲಿಂದ ನೆನಪು ಹಿಂದೆ ಮುಂದೆ ಓಡುತ್ತೆ.

ಆ ಹುಡುಗನಿಗೆ ನಾನು ದುಡ್ಡಿನ ವಿಷಯ ಆಗ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ 'ಆರ್ಟಿಕಲ್ 15' ಥರಾನೇ" ಅಂದ. ಹೌದು. ನಮ್ಮ ಹೆಣ್ಣುಮಕ್ಕಳ ಹೆಣ ಮರದಲ್ಲಿ ನೇತಾಡೋ ಕಥೆಗೂ ಬ್ರಾಹ್ಮಣ ಐಪಿಎಸ್ ಅಧಿಕಾರಿ ಬೇಕಾಯ್ತು 2019ರಲ್ಲಿ. 1986ರ 'ರೌಂಡ್ ಮಿಡ್‌ನೈಟ್' ನೋಡಿ, ನಿಜವಾದ ಸ್ಯಾಕ್ಸಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ ಅದರಲ್ಲಿ ನಟಿಸಿದಾನೆ, ಎಂಥಾ ನಟನೆ ಅಂತೀರಿ, ಆದರೆ ಅಲ್ಲೂ ಅವನನ್ನ ನಾವು ನೋಡೋದು ಅವನನ್ನ ಕಾಪಾಡೋ ಪ್ಯಾರಿಸ್ಸಿನ ಬಿಳಿ ಅಭಿಮಾನಿಯ ಕಣ್ಣಿಂದ. ನಮ್ಮ ಕಥೆಗೆ ಬಾಗಿಲು ಕಾಯೋಕೆ ಯಾವಾಗಲೂ ಒಬ್ಬ ಒಳ್ಳೆಯವನು ನಿಂತಿರ್ತಾನೆ. ಚೀಡಲ್ ಮಾತ್ರ ಈ ಒಳ್ಳೆಯವನನ್ನ ಒಳ್ಳೆಯವನಾಗಿ ಇಟ್ಟಿಲ್ಲ. ಆ ಪತ್ರಕರ್ತ ಸುಳ್ಳ, ಕಳ್ಳ, ಕೊಕೇನ್ ಕೊಡಿಸೋನು. ದುಡ್ಡು ಹಾಕಿದವರು ಕೇಳಿದ ಬಿಳಿ ಮುಖವನ್ನ ಕೊಟ್ಟು, ಆ ಮುಖಕ್ಕೆ ಒಂದು ಏಟೂ ಕೊಟ್ಟಿದಾನೆ. ನನಗೆ ಅದು ಇಷ್ಟ ಆಯ್ತು. ಹುಡುಗನಿಗೆ ಆಗಲಿಲ್ಲ. "ರಾಜಿ ರಾಜಿನೇ ಅಣ್ಣ" ಅಂದ.

ಆಮೇಲೆ ಪೊಲೀಸ್ ದೃಶ್ಯದ ಮಾತು ಬಂತು. ಇದು ನಡೆದದ್ದು. 1959ರ ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ. ಎಂಟು ದಿನದ ಹಿಂದಷ್ಟೇ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಬಿಡುಗಡೆ ಆಗಿತ್ತು. ಜಗತ್ತಲ್ಲಿ ಅತಿ ಹೆಚ್ಚು ಮಾರಾಟವಾದ ಜಾಜ್ ಆಲ್ಬಮ್‌ಗಳಲ್ಲಿ ಅದೂ ಒಂದು. ಮೈಲ್ಸ್ ಒಬ್ಬ ಬಿಳಿ ಹೆಂಗಸನ್ನ ಟ್ಯಾಕ್ಸಿ ಹತ್ತಿಸಿ, ಕ್ಲಬ್ಬಿನ ಮುಂದೆ ನಿಂತು ಸಿಗರೇಟು ಸೇದ್ತಾ ಇದ್ದ. ಪೊಲೀಸು ಬಂದು, ನಡಿ ಇಲ್ಲಿಂದ ಅಂದ. ನಾನು ಇಲ್ಲೇ ಕೆಲಸ ಮಾಡೋನು, ಅಕೋ ಮೇಲೆ ನನ್ನ ಹೆಸರೇ ಇದೆ ನೋಡು ಅಂತ ಬೋರ್ಡು ತೋರಿಸಿದ. ತಲೆ ಒಡೆದರು. ರಕ್ತ ಸುರಿಯೋ ಕೋಟಿನಲ್ಲೇ ಸ್ಟೇಷನ್ನಿಗೆ ಎಳಕೊಂಡು ಹೋದರು. ಆಮೇಲೆ ಕೇಸು ನಿಲ್ಲಲಿಲ್ಲ, ಅದು ಬೇರೆ.

ಆಟೋ ಓಡಿಸೋ ನಮ್ಮ ಗೆಳೆಯ ಕೇಳಿದ್ದು ಒಂದೇ ಮಾತು: "ಬೋರ್ಡಲ್ಲಿ ಹೆಸರಿದ್ರೂ?"

ಹೆಸರಿದ್ರೂ. ಅಪ್ಪ ಹಲ್ಲಿನ ಡಾಕ್ಟರು, ಜಮೀನುದಾರ. ಮಗ ಜೂಲಿಯಾರ್ಡ್‌ನಂಥ ಸಂಗೀತ ಶಾಲೆಗೆ ಹೋಗಿ ಬಂದವನು. ಈ ಕೆನೆಪದರ ಕೆನೆಪದರ ಅಂತ ಟಿವಿ ಚರ್ಚೆಯಲ್ಲಿ ಕುಟ್ಟೋರನ್ನ ಆ ದೃಶ್ಯದ ಮುಂದೆ ಒಂದ್ಸಲ ಕೂರಿಸಬೇಕು. ಜಾತಿ ಬೇರೆ, ಬಣ್ಣ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ಗೊತ್ತು ನನಗೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಅದೇ ನ್ಯೂಯಾರ್ಕಿನಲ್ಲಿ, ಹಾರ್ಲೆಮ್ ಪಕ್ಕದ ಕೊಲಂಬಿಯಾದಲ್ಲಿ ಓದಿದವರು. 1946ರಲ್ಲಿ ಡು ಬೋಯ್ಸ್ ಅವರಿಗೆ ಕಾಗದ ಬರೆದವರು. ಅವರೂ ಎರಡನ್ನ ಒಂದು ಅನ್ನಲಿಲ್ಲ, ಆದರೆ ಕಾಗದ ಬರೆದರು. ನನ್ನ ಮಟ್ಟದ್ದು ಹೇಳ್ತೀನಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಕಡತ ಕೇಳಿಕೊಂಡು ಬಂದರು. ನಾನು ಕುರ್ಚಿಯಲ್ಲೇ ಕೂತಿದೀನಿ, ಮೇಜಿನ ಮೇಲೆ ನನ್ನ ಹೆಸರಿನ ಪಟ್ಟಿ ಇದೆ. "ಗುಮಾಸ್ತರು ಎಲ್ಲಿಗೆ ಹೋಗಿದಾರೋ, ಕರಿ ಅವರನ್ನ" ಅಂದರು. ಏಟು ಬಿದ್ದಿಲ್ಲ ನನಗೆ, ಎರಡನ್ನ ಹೋಲಿಸ್ತಾ ಇಲ್ಲ. ಆದರೆ ಆ ಬೋರ್ಡು ತೋರಿಸೋ ಬೆರಳು ಇದೆಯಲ್ಲ, ಅದು ಗೊತ್ತು ನನಗೆ.

ಇನ್ನು ನಮ್ಮ ಚಿಕ್ಕಪ್ಪ. ಎಪ್ಪತ್ತು ದಾಟಿದೆ. ತಮಟೆ ಬಡಿದು ಬೆಳೆದ ಕೈ. ಸಂಘಟನೆ ಊರಿಗೆ ಬಂದಾಗ, ಗೌಡರ ಮನೆ ಸಾವಿಗೆ ಇನ್ಮೇಲೆ ಬಡಿಯಲ್ಲ ಅಂತ ತಮಟೆನ ಅಟ್ಟಕ್ಕೆ ಎಸೆದವನು. ಅದಕ್ಕೆ ನಾಲ್ಕು ತಿಂಗಳು ಕೂಲಿ ಇಲ್ಲದೆ ಕೂತ. ಎಷ್ಟೋ ವರ್ಷದ ಮೇಲೆ, ನಮ್ಮದೇ ಮೆರವಣಿಗೆಗೆ, ತಾನಾಗೇ ಅದನ್ನ ಇಳಿಸಿ ಬೆಂಕಿಗೆ ಹಿಡಿದು ಕಾಯಿಸಿದ. ಈಗ ಕಾಲ ಹೆಂಗೆ ತಿರುಗಿದೆ ಅಂದ್ರೆ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚಿಕ್ಕಪ್ಪನಿಗೆ ಅದು ಖುಷಿ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚು.

ಸಿನಿಮಾ ಉದ್ದಕ್ಕೂ ಕಣ್ಣು ಮಿಟುಕಿಸದೆ ನೋಡಿದ. ಅವನಿಗೆ ಮಾತು ಬೇಕಾಗಿರಲಿಲ್ಲ, ನಾನು ಓದ್ತಿದ್ರೆ "ಸುಮ್ಕಿರೋ" ಅಂತಿದ್ದ. ಮುಗಿದ ಮೇಲೆ ನಾನೇ ಒಂದು ವಿಷಯ ಹೇಳಿದೆ. ಈ ಮೈಲ್ಸ್ ಜನಕ್ಕೆ ಬೆನ್ನು ತಿರುಗಿಸಿ ನಿಂತು ಊದ್ತಿದ್ದನಂತೆ ಚಿಕ್ಕಪ್ಪ, ಸೊಕ್ಕು ಅಂತ ಪೇಪರಿನೋರು ಬೈತಿದ್ರಂತೆ, ಅವನು ನಾನು ನನ್ನ ಜೊತೆಯೋರನ್ನ ನೋಡ್ತಾ ಇದೀನಿ ಅಂತಿದ್ದನಂತೆ. ಚಿಕ್ಕಪ್ಪ ನಕ್ಕ. ಆಮೇಲೆ ಹೇಳಿದ:

"ಗೌಡ್ರ ಮುಂದೆ ಬಡಿವಾಗ ಅವ್ರ ಮಕ ನೋಡ್ಕಂಡೇ ಬಡೀಬೇಕಾಗಿತ್ತು ಕಣಪ್ಪ. ಕಣ್ಣಲ್ಲೇ ನಿಲ್ಸು ಅಂತಿದ್ರು, ಕಣ್ಣಲ್ಲೇ ಬಡಿ ಅಂತಿದ್ರು. ಪಕ್ಕದಾಗೆ ಬಡಿಯೋ ನಮ್ಮಣ್ಣನ ಕೈ ನೋಡಾಕೆ ಪುರ್ಸೊತ್ತಿರ್ಲಿಲ್ಲ. ಇವ್ನು ಬೆನ್ನು ತೋರ್ಸಿದ್ನಲ್ಲ, ಸರಿಯಾಗ್ ಮಾಡವ್ನೆ."

ನಾನು ಓದಿದ ಯಾವ ವಿಮರ್ಶೆಯಲ್ಲೂ ಇದು ಇರಲಿಲ್ಲ. ಅಲ್ಲಿಗೇ ಪೋಸ್ಟ್ ನಿಲ್ಲಿಸಿದ್ರೆ ಚೆನ್ನಾಗಿರ್ತಿತ್ತು, ನೀವೂ ಒಂದಷ್ಟು ಹಾರ್ಟ್ ಒತ್ತಿ ಹೋಗ್ತಿದ್ರಿ. ನಿಲ್ಲಿಸೋ ಹಾಗಿಲ್ಲ.

ಹಿಂದಿನ ಸಾಲಿನಲ್ಲಿ ನಮ್ಮ ಅಂಗನವಾಡಿ ತಂಗಿ ಕೂತಿದ್ದಳು. ಎಲ್ಲರ ಮಾತು ಮುಗಿಯೋ ತನಕ ಕಾದು ಕೇಳಿದಳು: "ಅಣ್ಣ, ಪೊಲೀಸ್ನೋರು ಹೊಡೆದಿದ್ದು ಎಲ್ರೂ ಮಾತಾಡಿದ್ರಿ. ಅವನು ಹೆಂಡ್ತಿಗೆ ಹೊಡೆದಿದ್ದು ಯಾರೂ ಮಾತಾಡ್ಲಿಲ್ಲ. ಆ ದೃಶ್ಯ ಬಂದಾಗ ನೀವು ಓದೋದೂ ನಿಲ್ಲಿಸಿಬಿಟ್ರಿ."

ನಿಜ. ನಿಲ್ಲಿಸಿದ್ದೆ. ಸುತ್ತೋಲೆಯ ಹಿಂಬದಿಯಲ್ಲಿ ಆ ಭಾಗದ ಮಾತು ನಾನು ಬರೆದುಕೊಂಡೇ ಇರಲಿಲ್ಲ.

ಆ ಹೆಂಡತಿಯ ಹೆಸರು ಫ್ರಾನ್ಸಿಸ್ ಟೇಲರ್. ಎಮಯಾಟ್ಜಿ ಕೊರಿನಾಲ್ಡಿ ಅನ್ನೋ ನಟಿ ಆ ಪಾತ್ರ ಮಾಡಿದಾರೆ, ನನ್ನ ಕೇಳಿದ್ರೆ ಇಡೀ ಸಿನಿಮಾದಲ್ಲಿ ಚೀಡಲ್‌ಗೆ ಸರಿಸಮ ನಿಂತಿರೋದು ಅವರೊಬ್ಬರೇ. ಫ್ರಾನ್ಸಿಸ್ ಸಾಮಾನ್ಯ ಹೆಂಗಸಲ್ಲ. ಕ್ಯಾಥರೀನ್ ಡನಮ್ ಅವರ ನೃತ್ಯ ತಂಡದಲ್ಲಿದ್ದ ಕಲಾವಿದೆ. 1957ರಲ್ಲಿ ಬ್ರಾಡ್‌ವೇ ರಂಗದ ಮೇಲೆ 'ವೆಸ್ಟ್ ಸೈಡ್ ಸ್ಟೋರಿ' ಮೊದಲ ಸಲ ಬಂದಾಗ ಅದರಲ್ಲಿದ್ದವರು. ಹೆಂಡತಿ ಮನೇಲಿರಬೇಕು ಅಂತ ಮೈಲ್ಸ್ ಕುಣಿತ ಬಿಡಿಸಿದ. 1961ರ ಒಂದು ಆಲ್ಬಮ್‌ನ ಹೊದಿಕೆಗೆ ಹಟ ಹಿಡಿದು ಅವರ ಫೋಟೋ ಹಾಕಿಸಿದ. ಅದಕ್ಕೆ ಮುಂಚೆ ಕಂಪನಿ ಅವನ 'ಮೈಲ್ಸ್ ಅಹೆಡ್' ಆಲ್ಬಮ್‌ಗೆ ದೋಣಿಯಲ್ಲಿರೋ ಬಿಳಿ ಹೆಂಗಸಿನ ಚಿತ್ರ ಹಾಕಿದ್ದಕ್ಕೆ ಜಗಳ ಆಡಿದ್ದ, ಸರಿಯಾಗೇ ಆಡಿದ್ದ. ಕಪ್ಪು ಹೆಣ್ಣಿನ ಮುಖ ಹೊದಿಕೆ ಮೇಲೆ ಬಂತು, ಮನೆಯೊಳಗೆ ಅದೇ ಮುಖಕ್ಕೆ ಏಟು ಬಿತ್ತು. 1965ರಲ್ಲಿ ಆಕೆ ಮನೆ ಬಿಟ್ಟು ಹೋದರು. ಹೊಡೆದದ್ದನ್ನ 1989ರ ಆತ್ಮಕಥೆಯಲ್ಲಿ ಮೈಲ್ಸೇ ಹೇಳಿಕೊಂಡಿದಾನೆ. ಅದನ್ನ ಓದಿ ಪರ್ಲ್ ಕ್ಲೀಗ್ ಅನ್ನೋ ಕಪ್ಪು ಲೇಖಕಿ 1990ರಲ್ಲಿ 'ಮ್ಯಾಡ್ ಅಟ್ ಮೈಲ್ಸ್' ಅಂತ ಬರೆದರು, ಮೈಲ್ಸ್ ಮೇಲಿನ ಸಿಟ್ಟು ಅಂತ. ಅವರು ಅದನ್ನ ಬರೆದದ್ದು ಬಿಳಿಯರಿಗಲ್ಲ, ತಮ್ಮವರಿಗೆ.

ನಾನು ಅಂಗನವಾಡಿ ತಂಗಿಗೆ ಏನೋ ಹೇಳೋಕೆ ಹೋದೆ. ಅವನ ಕಾಲ, ಕೊಕೇನು, ವ್ಯವಸ್ಥೆಯ ಏಟು ತಿಂದವನು ಮನೆಗೆ ತರೋ ಸಿಟ್ಟು... ನನಗೇ ನಾಚಿಕೆ ಆಗಿ ಅರ್ಧಕ್ಕೆ ನಿಲ್ಲಿಸಿದೆ. ಆಗ ಅವಳು, "ನಮ್ ತಂಡದಲ್ಲಿ ಹಾಡ್ತಿದ್ರಲ್ಲ ಆ ಅಕ್ಕ, ಅವರು ಈಗ ಎಲ್ಲಿದಾರೆ ಅಣ್ಣ?" ಅಂದಳು.

ಇದನ್ನ ಇಲ್ಲಿ ಬರೆಯೋಕೆ ನಾಲ್ಕು ದಿನ ಬೇಕಾಯ್ತು ನನಗೆ.

ಹದಿನೇಳು ಹದಿನೆಂಟು ವರ್ಷದ ಹಿಂದಿನ ಮಾತು. ನಮ್ಮ ಹಾಡಿನ ತಂಡದಲ್ಲಿ ಇಬ್ಬರು ದೊಡ್ಡ ದನಿಗಳು. ಒಬ್ಬ ನಮ್ಮ ಮುಖಂಡ, ಇನ್ನೊಬ್ಬರು ಈ ಅಕ್ಕ. ಮೈಕಿಲ್ಲದೆ ಮೈದಾನ ತುಂಬೋ ಗಂಟಲು ಅಕ್ಕನದು. ಇಬ್ಬರೂ ಮದುವೆ ಆದರು, ಬುದ್ಧವಂದನೆ ಹೇಳಿ, ಬಾಬಾಸಾಹೇಬರ ಫೋಟೋ ಮುಂದೆ. ನಾನೇ ಸಾಕ್ಷಿ. ಮದುವೆ ಆದ ಮೇಲೆ ಅಕ್ಕ ಹಾಡೋಕೆ ಬರೋದು ಕಮ್ಮಿ ಆಯ್ತು, ಆಮೇಲೆ ನಿಂತೇ ಹೋಯ್ತು. ಮಗು ಸಣ್ಣದು ಅಂತ ನಾವೇ ಕಾರಣ ಹೇಳಿಕೊಂಡ್ವಿ. ಒಂದು ರಾತ್ರಿ ನಮ್ಮ ರೂಮಿಗೆ ಬಂದರು. ಹುಬ್ಬಿನ ಮೇಲೆ ಸೀಳಿತ್ತು. ಸೆರಗಲ್ಲಿ ಒತ್ತಿ ಹಿಡಕೊಂಡಿದ್ರು. ಸ್ಟೇಷನ್ನಿಗೆ ಹೋಗ್ತೀನಿ, ಯಾರಾದ್ರೂ ಜೊತೆಗೆ ಬನ್ನಿ ಅಂದರು.

ಆಗ ನಮ್ಮ ಜಮೀನಿನ ಹೋರಾಟ ನಡೀತಾ ಇತ್ತು. ಇವನ ಹೆಸರು ಪೇಪರಲ್ಲಿ ಬಂದ್ರೆ ಊರಿನ ಮೇಲ್ಜಾತಿಯೋರ ಬಾಯಿಗೆ ಸಕ್ಕರೆ ಹಾಕಿದಂಗೆ ಆಗುತ್ತೆ ಅಂತ ಎಲ್ಲರೂ ಅಂದ್ವಿ. ಒಬ್ಬರೂ ಬೇರೆ ಮಾತು ಆಡಲಿಲ್ಲ. ಅವನನ್ನ ಕರೆಸಿ ಬೈದು, ಇನ್ನು ಮುಂದೆ ಹೊಡೆಯಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡ್ವಿ. ಬರೆದದ್ದು ನಾನು. ಕೈಬರಹ ಚೆನ್ನಾಗಿದೆ, ಆಫೀಸು ಭಾಷೆ ಬರುತ್ತೆ ಅಂತ. "ಉಭಯತ್ರರೂ ಒಪ್ಪಿ" ಅಂತ ಬರೆದೆ. "ಸಂಸಾರದಲ್ಲಿ ಉಂಟಾದ ಸಣ್ಣಪುಟ್ಟ ಭಿನ್ನಾಭಿಪ್ರಾಯ" ಅಂತ ಬರೆದೆ. ಅಕ್ಕ ಒಂದು ಕೈಲಿ ಸೆರಗು ಒತ್ತಿಕೊಂಡು ಇನ್ನೊಂದು ಕೈಲಿ ಸಹಿ ಹಾಕಿದರು. ಜಮೀನಿನ ಹೋರಾಟ ಗೆದ್ವಿ. ಆರು ತಿಂಗಳಿಗೆ ಅಕ್ಕ ಮಗು ಎತ್ತಿಕೊಂಡು ಊರು ಬಿಟ್ಟರು. ಅವನು ಇನ್ನೂ ಹಾಡ್ತಾನೆ, ನಾವು ಇನ್ನೂ ಕರೀತೀವಿ, ನಾನೂ ಕರೆದಿದೀನಿ. ಅವನ ಹಾಡು ಈಗಲೂ ಮೈ ಜುಮ್ ಅನ್ನಿಸುತ್ತೆ, ಅದನ್ನ ಸುಳ್ಳು ಹೇಳಲ್ಲ.

ಮೈಲ್ಸ್‌ನ ಟ್ರಂಪೆಟ್ ಕೇಳಬೇಕೋ ಬಿಡಬೇಕೋ ಅಂತ ಭವನದಲ್ಲಿ ಆಮೇಲೆ ಜಗಳವೇ ಆಯ್ತು, ರಾತ್ರಿ ಹತ್ತರವರೆಗೆ. ಹುಡುಗ ಕೇಳಬಾರದು ಅಂದ, ಚಿಕ್ಕಪ್ಪ ಕೇಳಬೇಕು ಅಂದ, ಅಂಗನವಾಡಿ ತಂಗಿ ಮಾತ್ರ ಯಾವ ಕಡೆಗೂ ಹೋಗಲಿಲ್ಲ. "ನಾನು ಕೇಳಿದ್ದು ಅಕ್ಕ ಎಲ್ಲಿದಾರೆ ಅಂತ" ಅಂದಳು, ಮತ್ತೊಂದ್ಸಲ.

ಇಬ್ಬರು ಮೂವರನ್ನ ಕೇಳಿ ನಂಬರು ಹುಡುಕಿದೆ. ಬುಧವಾರ ಸಂಜೆ ಆಫೀಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮುಚ್ಚಳಿಕೆ ಬರೆದೋರಾ?"

ಹೌದಕ್ಕ ಅಂದೆ. ತಪ್ಪಾಯ್ತು ಅಂದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಇದನ್ನ ಬರೀಲಾ ಅಂತ ಕೇಳಿದೆ. "ಬರೀರಿ. ನನ್ನ ಹೆಸರು ಬೇಡ, ಅವನದೂ ಬೇಡ, ಮಗಳು ಓದ್ತಾಳೆ. ನಿಮ್ಮದು ಹಾಕ್ಕೊಳ್ಳಿ" ಅಂದರು. ಈಗ್ಯಾಕೆ ನೆನಪಾಯ್ತು ಅಂತ ಕೇಳಿದರು. ಸಿನಿಮಾ ವಿಷಯ ಹೇಳಿದೆ, ಫ್ರಾನ್ಸಿಸ್ ವಿಷಯ ಹೇಳಿದೆ.

"ಆಯಮ್ಮ ಆಮೇಲೆ ಕುಣಿದ್ರಾ?"

ಲಾಸ್ ಏಂಜಲೀಸಿನ ಹೋಟೆಲಲ್ಲಿ ಬಂದವರನ್ನ ಬರಮಾಡಿಕೊಂಡು ಕೂರಿಸೋ ಕೆಲಸ ಮಾಡಿದರಂತೆ ಅಕ್ಕ, 2018ರಲ್ಲಿ ತೀರಿಕೊಂಡರು ಅಂದೆ. "ಹೂಂ" ಅಂದರು. ಆ ಕಡೆ ಕುಕ್ಕರ್ ಕೂಗ್ತು. ಒಲೆ ಮೇಲೆ ಬೇಳೆ ಇದೆ, ಇಡ್ತೀನಿ ಅಂದರು.